ಅಂತರ್ಜಾಲದ ಬೇಡದ ಜಾಹೀರಾತು: ತಡೆಯುವ ಬಗೆ ಹೇಗೆ?

ಗದಗ ಜಿಲ್ಲೆಯ ಸೊರಟೂರಿನಂಥ ಊರಿನಲ್ಲಿ ಕುಳಿತು ಮೊಬೈಲ್‌ನಲ್ಲಿ ಮೆಣಸಿನಕಾಯಿ ದರ ಹುಡುಕುವ ಹಿರಿಯರಿಗೂ, ಬೆಂಗಳೂರಿನಲ್ಲಿರುವ ಅವರ ಮಕ್ಕಳಿಗೂ ಒಂದು ತೊಂದರೆ ಸಮಾನ. ಬೇಕಾದ ಮಾಹಿತಿಗಿಂತ ಮೊದಲು ಜಾಹೀರಾತು ಎದುರಾಗುತ್ತದೆ. ಅದನ್ನು ಮುಚ್ಚಲು ಹೋದರೆ ಮತ್ತೊಂದು ಪುಟ ತೆರೆದುಕೊಳ್ಳುತ್ತದೆ.

ಇದು ಕೇವಲ ಕಿರಿಕಿರಿಯ ವಿಷಯವಲ್ಲ. ಹಣ ತೆತ್ತು ಹುಡುಕಾಟದ ಫಲಿತಾಂಶಗಳ ಮೇಲ್ಭಾಗದಲ್ಲಿ ಜಾಹೀರಾತು ಹಾಕಿಸಿ, ಜನರನ್ನು ನಕಲಿ ತಾಣಗಳಿಗೆ ಸೆಳೆಯುವ ವಂಚಕರಿದ್ದಾರೆ. ಈ ಕಾರಣಕ್ಕಾಗಿಯೇ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ, ಜಾಹೀರಾತು ತಡೆಯುವ ತಂತ್ರಾಂಶ ಬಳಸುವಂತೆ 2022ರ ಡಿಸೆಂಬರ್‌ನಲ್ಲಿ ಸಲಹೆ ನೀಡಿತ್ತು. ಸುದ್ದಿಯ ವೇಷದಲ್ಲಿ ಬರುವ ಜಾಹೀರಾತನ್ನು ಭಾರತದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೂ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ.

ಕಾರ್ಯವಿಧಾನ

ಪುಟದಲ್ಲಿ ಕಾಣುವ ಬಹುತೇಕ ಜಾಹೀರಾತುಗಳು ಆ ತಾಣದಿಂದಲ್ಲ, ಬೇರೆ ಸರ್ವರ್‌ಗಳಿಂದ ಬರುತ್ತವೆ. ತಡೆ ತಂತ್ರಾಂಶದ ಬಳಿ ಅಂಥ ವಿಳಾಸಗಳ ಪಟ್ಟಿಯಿರುತ್ತದೆ. ಸ್ವಯಂಸೇವಕರು ನಿರ್ವಹಿಸುವ ‘ಈಸಿಲಿಸ್ಟ್’ ಇವುಗಳಲ್ಲಿ ಪ್ರಸಿದ್ಧವಾದುದು. ಪಟ್ಟಿಯಲ್ಲಿರುವ ವಿಳಾಸಕ್ಕೆ ಬ್ರೌಸರ್ ಕೋರಿಕೆ ಕಳುಹಿಸುವ ಮುನ್ನವೇ ತಂತ್ರಾಂಶ ಅದನ್ನು ತಡೆಯುತ್ತದೆ. ಹೀಗಾಗಿ ಡೇಟಾ ಉಳಿಯುತ್ತದೆ, ಪುಟವೂ ಬೇಗ ತೆರೆಯುತ್ತದೆ.

ಬಳಕೆ ಹೇಗೆ?

ಫೈರ್‌ಫಾಕ್ಸ್ ಬಳಸುವವರು ಕಂಪ್ಯೂಟರ್ ಹಾಗೂ ಆಂಡ್ರಾಯ್ಡ್ ಮೊಬೈಲ್ ಎರಡರಲ್ಲೂ ಉಚಿತವಾದ ‘ಯುಬ್ಲಾಕ್ ಒರಿಜಿನ್’ ಅಳವಡಿಸಿಕೊಳ್ಳಬಹುದು. ಕ್ರೋಮ್‌ನ ನಿಯಮ ಬದಲಾಗಿರುವುದರಿಂದ ಕಂಪ್ಯೂಟರ್‌ನಲ್ಲಿ ಅದರ ‘ಲೈಟ್’ ಆವೃತ್ತಿಯನ್ನು ಬಳಸಬೇಕು. ಆಂಡ್ರಾಯ್ಡ್ 9 ಮತ್ತು ನಂತರದ ಮೊಬೈಲ್‌ಗಳ ಸೆಟ್ಟಿಂಗ್ಸ್‌ನಲ್ಲಿ ‘ಪ್ರೈವೇಟ್ ಡಿಎನ್‌ಎಸ್’ ಎಂಬ ಆಯ್ಕೆಯಿದೆ. ಅಲ್ಲಿ ಆಡ್‌ಗಾರ್ಡ್‌ನಂಥ ಸೇವೆಯ ವಿಳಾಸ ನಮೂದಿಸಿದರೆ ಅನೇಕ ಆ್ಯಪ್‌ಗಳ ಜಾಹೀರಾತೂ ನಿಲ್ಲುತ್ತದೆ. ಆದರೆ ಯೂಟ್ಯೂಬ್‌ನ ಜಾಹೀರಾತು ಈ ವಿಧಾನಕ್ಕೆ ಬಗ್ಗದು; ವಿಡಿಯೊ ಬರುವ ದಾರಿಯಲ್ಲೇ ಅದೂ ಬರುತ್ತದೆ.

ಹಗಲಿರುಳೂ ಮೊಬೈಲ್ ಪರದೆಯ ಮೇಲೆ ಇಣುಕುವ ಜಾಹೀರಾತುಗಳಿಗೆ ಎಷ್ಟೋ ಬಾರಿ ಬಳಕೆದಾರರೇ ಅರಿಯದೆ ‘ಅಲೋ’ ಒತ್ತಿರುತ್ತಾರೆ. ಕ್ರೋಮ್ ಸೆಟ್ಟಿಂಗ್ಸ್‌ನ ‘ನೋಟಿಫಿಕೇಶನ್ಸ್’ ವಿಭಾಗದಲ್ಲಿ ಆ ಅನುಮತಿಯನ್ನು ಹಿಂಪಡೆಯಬಹುದು. ಹಬ್ಬಕ್ಕೆ ಊರಿಗೆ ಹೋದವರು ಹಿರಿಯರ ಮೊಬೈಲ್‌ನಲ್ಲಿ ಇದಿಷ್ಟನ್ನು ಮಾಡಿಕೊಟ್ಟು ಬಂದರೆ ದೊಡ್ಡ ಉಪಕಾರ.

ಎಚ್ಚರವಿರಲಿ

ತಡೆ ತಂತ್ರಾಂಶದ ಹೆಸರಿನಲ್ಲೂ ನಕಲಿಗಳಿವೆ. ಆದ್ದರಿಂದ ಅಧಿಕೃತ ಮಳಿಗೆಯಿಂದ, ತಯಾರಕರ ಹೆಸರು ನೋಡಿಯೇ ಪಡೆಯಬೇಕು. ವಂಚನೆಗೊಳಗಾಗಿ ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಉಚಿತವಾಗಿ ಓದಲು ಸಿಗುವ ಸುದ್ದಿತಾಣಗಳು ಬಹುಪಾಲು ಜಾಹೀರಾತಿನ ಆದಾಯದಿಂದಲೇ ನಡೆಯುತ್ತವೆ ಎಂಬುದೂ ನಿಜ. ಎಲ್ಲವನ್ನೂ ತಡೆದರೆ ಆ ಆದಾಯಕ್ಕೆ ಕುತ್ತು. ನಂಬಿಕೆಯುಳ್ಳ ತಾಣಗಳಿಗೆ ವಿನಾಯಿತಿ ನೀಡುವ ಸೌಲಭ್ಯ ಈ ತಂತ್ರಾಂಶಗಳಲ್ಲೇ ಇದೆ. ಯಾರಿಗೆ ಬಾಗಿಲು ತೆರೆಯಬೇಕೆಂಬ ತೀರ್ಮಾನ ಓದುಗರದೇ.