ಪುರ ಗ್ರಾಮದ ಗೋಬರ್ ಅನಿಲ ಮತ್ತು ಪ್ರೊ. ಅಮೂಲ್ಯ ರೆಡ್ಡಿ

ವಿದ್ಯುದ್ರಸಾಯನ ವಿಜ್ಞಾನಿಯಾಗಿ ಖ್ಯಾತರಾಗಿದ್ದ ಪ್ರೊ. ಅಮೂಲ್ಯ ಕೆ.ಎನ್. ರೆಡ್ಡಿಯವರು (1930-2006) ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕೆ ಮೀಸಲಾದ ‘ಅಸ್ತ್ರ’ ಕೇಂದ್ರವನ್ನು ಸ್ಥಾಪಿಸಿದರು. ಇಂಧನ ಉಳಿಸುವ ಅಸ್ತ್ರ ಒಲೆ ಇಲ್ಲಿಯದೇ ಕೊಡುಗೆ. ಆದರೆ ಉದ್ಯಮಿಗಳು ವಿಶೇಷವಾಗಿ ಗಮನಿಸಬೇಕಾದುದು ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದ ಅನುಭವವನ್ನು.

ಸಮುದಾಯ ಸ್ಥಾವರದಿಂದ ಅಡುಗೆ ಅನಿಲ ಪೂರೈಸುವ ಮೊದಲ ಯೋಜನೆ ಸಗಣಿಯ ಕೊರತೆಯಿಂದ ವಿಫಲವಾಯಿತು. ಗ್ರಾಮಸ್ಥರಿಗೆ ಮೊದಲು ಬೇಕಿದ್ದುದು ನೀರು! ಅದನ್ನು ಮನಗಂಡು 1987ರಿಂದ ಅದೇ ಅನಿಲಕ್ಕೆ ಅಲ್ಪ ಡೀಸೆಲ್ ಸೇರಿಸಿ ಎಂಜಿನ್ ನಡೆಸಿ, ಕೊಳವೆಬಾವಿಯ ನೀರು ಹಾಗೂ ಮನೆಮನೆಗೆ ವಿದ್ಯುದ್ದೀಪ ಒದಗಿಸಲಾಯಿತು. ಸಗಣಿ ತಂದವರಿಗೆ ತೂಕದ ಲೆಕ್ಕದಲ್ಲಿ ಹಣ. ಹುದುಗಿದ ಸಗಣಿ ಗೊಬ್ಬರವಾಗಿ ಅವರಿಗೇ ವಾಪಸು. ಸೇವೆ ಪಡೆದ ಮನೆಗಳು ಶುಲ್ಕ ತೆರುತ್ತಿದ್ದವು. ದಾನದ ಯಂತ್ರಗಳು ತುಕ್ಕು ಹಿಡಿಯುವುದನ್ನು ಕಂಡವರಿಗೆ ಈ ಲೆಕ್ಕಾಚಾರದ ಬೆಲೆ ತಿಳಿದೀತು. ಹಲವು ವರ್ಷ ನಡೆದ ಬಳಿಕ ಸ್ಥಾವರ ನಿಂತಿತು.