ಮಗನ ಸಾಲ, ಅಪ್ಪನ ಸಹಿ

ದ್ವಿತೀಯ ಪಿಯುಸಿ ಓದುವ ಹುಡುಗ. ವಯಸ್ಸು ಹದಿನೇಳು. ಮನೆಯವರಿಗೆ ತಿಳಿಸದೆ ಸೆಕೆಂಡ್ ಹ್ಯಾಂಡ್ ಬೈಕಿಗೆಂದು ನಲವತ್ತು ಸಾವಿರ ಕೈಸಾಲ ಮಾಡಿದ್ದಾನೆ. ಕೊಟ್ಟವನು ಬಾಂಡ್ ಪೇಪರಿನ ಮೇಲೆ ಸಹಿ ಹಾಕಿಸಿಕೊಂಡಿದ್ದಾನೆ. ಕಂತು ತಪ್ಪಿದ್ದೇ ತಡ, ಬೆಳಿಗ್ಗೆ ಮನೆ ಮುಂದೆ ಹಾಜರ್: ‘ಏನ್ ಯಜಮಾನ್ರೇ, ನಿಮ್ಮ ಹುಡುಗನ ಬಾಕಿ ಯಾವಾಗ ತೀರಿಸ್ತೀರಿ?’ ಅಕ್ಕಪಕ್ಕದವರು ನೋಡುತ್ತಿದ್ದಾರೆ. ಮಾನಕ್ಕೆ ಅಂಜಿದ ಅಪ್ಪ ಹೆಂಡತಿಯ ಬಳೆ ಅಡವಿಡುತ್ತಾನೆ.

ಹೀಗೆ ತೀರಿಸುವ ಅಪ್ಪಂದಿರಿಗೆ ಲೆಕ್ಕವಿಲ್ಲ. ಆದರೆ ತೀರಿಸಲೇಬೇಕೆಂದು ಕಾನೂನು ಹೇಳುವುದಿಲ್ಲ. 18 ತುಂಬದವರಿಗೆ ಒಪ್ಪಂದ ಮಾಡಿಕೊಳ್ಳುವ ಅರ್ಹತೆಯೇ ಇಲ್ಲ ಎನ್ನುತ್ತದೆ 1872ರ ಭಾರತೀಯ ಕರಾರು ಕಾಯ್ದೆಯ 11ನೇ ಕಲಮು. ಬಾಂಡ್ ಪೇಪರಿನ ಮೇಲಿನ ಹುಡುಗನ ಸಹಿ ಅವನನ್ನೇ ಕಟ್ಟಿಹಾಕದು ಎಂದ ಮೇಲೆ ಅಪ್ಪನನ್ನು ಕಟ್ಟಿಹಾಕುವುದು ಎಲ್ಲಿಂದ ಬಂತು?

ಕಲ್ಕತ್ತದ ಅಡಮಾನ

ಈ ವಿಷಯಕ್ಕೆ ವಕೀಲರು ಇಂದಿಗೂ ಎತ್ತುವ ಹೆಸರು ಮೊಹೋರಿ ಬೀಬಿ ಪ್ರಕರಣ. 1895ರಲ್ಲಿ ಕಲ್ಕತ್ತದ ಧರ್ಮದಾಸ ಘೋಷ್ ಎಂಬ ಅಪ್ರಾಪ್ತ ಬ್ರಹ್ಮೋ ದತ್ತ ಎಂಬ ಲೇವಾದೇವಿಗಾರನಿಗೆ ಆಸ್ತಿ ಅಡವಿಟ್ಟ. ಪತ್ರದಲ್ಲಿದ್ದ ಮೊತ್ತ 20 ಸಾವಿರ ರೂಪಾಯಿ, ಬಡ್ಡಿ ಶೇ 12. ‘ನನ್ನ ಮಗ ಇನ್ನೂ ಮೈನರ್, ಸಾಲ ಕೊಟ್ಟರೆ ನಿಮ್ಮದೇ ಹೊಣೆ’ ಎಂದು ತಾಯಿ ವಕೀಲರ ಮೂಲಕ ಮೊದಲೇ ಎಚ್ಚರಿಸಿದ್ದಳು. ಲೇವಾದೇವಿಗಾರನ ಕಡೆಯವರು ಕಿವಿಗೆ ಹಾಕಿಕೊಳ್ಳಲಿಲ್ಲ. ವ್ಯಾಜ್ಯ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಯಿತು. ಅಪ್ರಾಪ್ತರ ಒಪ್ಪಂದ ಮೊದಲಿನಿಂದಲೇ ಶೂನ್ಯ ಎಂದು 1903ರಲ್ಲಿ ತೀರ್ಪು ಬಂತು. ಅಸಲೂ ಕೈಗೆ ಬರಲಿಲ್ಲ.

ಹಾಗೆಂದು ಹುಡುಗರಿಗೆ ಪೂರ್ತಿ ವಿನಾಯಿತಿಯೂ ಇಲ್ಲ. ವಯಸ್ಸು ಮುಚ್ಚಿಟ್ಟು ಬೈಕು ತಂದಿದ್ದರೆ, ಅದು ಅವನ ಬಳಿ ಇನ್ನೂ ಇದ್ದರೆ, ಮರಳಿಸು ಎಂದು ಕೋರ್ಟು ಹೇಳಬಹುದು. ಅನ್ನ, ಬಟ್ಟೆ, ಔಷಧದಂಥ ಅಗತ್ಯಗಳಿಗೆ ಯಾರಾದರೂ ಖರ್ಚು ಮಾಡಿದ್ದರೆ 68ನೇ ಕಲಮಿನಡಿ ವಸೂಲಿ ಮಾಡಬಹುದು. ಅದೂ ಆ ಮೈನರನ ಹೆಸರಿನಲ್ಲಿರುವ ಆಸ್ತಿಯಿಂದ ಮಾತ್ರ.

ಮಿತಾಕ್ಷರದ ಮಾತು

ಇದು ಇಂಗ್ಲಿಷರು ತಂದ ಹೊಸ ವಿಚಾರವೇನಲ್ಲ. ಕುಟುಂಬದ ಸಲುವಾಗಿ ಮಾಡಿದ್ದನ್ನು ಬಿಟ್ಟು ಮಗನ ಸಾಲವನ್ನು ತಂದೆ ತೀರಿಸಬೇಕಿಲ್ಲ ಎಂದು ಯಾಜ್ಞವಲ್ಕ್ಯ ಸ್ಮೃತಿಯೇ ಹೇಳುತ್ತದೆ. ಆ ಸ್ಮೃತಿಗೆ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮವನೇ. ಇಂದಿನ ಬಸವಕಲ್ಯಾಣದಲ್ಲಿ, ಆರನೇ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ಹಳೆಯ ಹಿಂದೂ ಕಾನೂನಿನಲ್ಲಿ ಹೊಣೆ ಇದ್ದದ್ದು ತಿರುಗುಮುರುಗಾಗಿ: ತಂದೆಯ ಸಾಲ ತೀರಿಸುವುದು ಮಗನ ಧರ್ಮವಾಗಿತ್ತು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ನಂತರ ಮಾಡಿದ ಸಾಲಗಳಿಗೆ ಅದೂ ಅನ್ವಯವಾಗದು.

ಅಪ್ಪ ಸಿಕ್ಕಿಬೀಳುವುದು ಎಲ್ಲಿ?

ತನ್ನದೇ ಮಾತಿನಲ್ಲಿ, ತನ್ನದೇ ಸಹಿಯಲ್ಲಿ. ‘ಅಣ್ಣನ ಅಂಗಡಿಯಿಂದ ಅಕ್ಕಿ, ಎಣ್ಣೆ ತಗೊಂಡು ಬಾ, ಲೆಕ್ಕಕ್ಕೆ ಬರೆಸು’ ಎಂದು ಮಗಳನ್ನು ಕಳಿಸುತ್ತೀರಿ. ಅಲ್ಲಿ ಆಕೆ ನಿಮ್ಮ ಪ್ರತಿನಿಧಿ. ಉದ್ರಿ ಪುಸ್ತಕದಲ್ಲಿ ಆಕೆಯ ಹೆಸರಿದ್ದರೂ ಸಾಲ ನಿಮ್ಮದೇ. ಪ್ರತಿ ತಿಂಗಳೂ ತುಟಿ ಬಿಚ್ಚದೆ ತೀರಿಸಿಕೊಂಡು ಬಂದಿದ್ದರೆ, ‘ಈ ಸಲ ನಾನು ಹೇಳಿಯೇ ಇರಲಿಲ್ಲ’ ಎನ್ನುವ ವಾದ ಅಂಗಡಿಯವನ ಮುಂದೆ ನಿಲ್ಲುವುದು ಕಷ್ಟ.

ಶಿಕ್ಷಣ ಸಾಲವೂ ಹಾಗೆಯೇ. ಪಿಯುಸಿ ಮುಗಿಸುವಾಗ ಎಷ್ಟೋ ಮಕ್ಕಳಿಗೆ 18 ತುಂಬಿರುವುದಿಲ್ಲ. ಬ್ಯಾಂಕು ತಂದೆ ಅಥವಾ ತಾಯಿಯನ್ನು ಸಹ-ಸಾಲಗಾರರನ್ನಾಗಿ ಮಾಡಿಕೊಳ್ಳುತ್ತದೆ. ‘ಇದೊಂದು ಫಾರ್ಮಾಲಿಟಿ’ ಎಂದುಕೊಂಡು ಹಾಕುವ ಆ ಸಹಿಯೇ ಪೂರ್ತಿ ಸಾಲದ ಹೊಣೆ.

ಮೊಬೈಲಿನದು ಇನ್ನೊಂದು ಗೋಜಲು. ಯುಪಿಐ ಪಿನ್ ನೀವೇ ಮಗನಿಗೆ ಹೇಳಿದ್ದರೆ, ಗೇಮಿಗೆ ಹೋದ ಹಣ ಬ್ಯಾಂಕಿನಿಂದ ವಾಪಸ್ ಬರುವುದು ದುರ್ಲಭ. ಗುಪ್ತ ಸಂಖ್ಯೆ ಹಂಚಿಕೊಂಡ ನಿರ್ಲಕ್ಷ್ಯಕ್ಕೆ, ಬ್ಯಾಂಕಿಗೆ ದೂರು ಕೊಡುವವರೆಗಿನ ನಷ್ಟ ಗ್ರಾಹಕನದೇ ಎನ್ನುತ್ತವೆ ರಿಸರ್ವ್ ಬ್ಯಾಂಕಿನ 2017ರ ನಿಯಮಗಳು.

ಬೈಕಿನ ಕೀ ಕೊಟ್ಟ ತಪ್ಪಿಗಂತೂ ದಂಡ ಇನ್ನೂ ದೊಡ್ಡದು. 2019ರ ತಿದ್ದುಪಡಿಯಂತೆ ಮೋಟಾರು ವಾಹನ ಕಾಯ್ದೆಯ 199ಎ ಕಲಮು ಪೋಷಕರಿಗೋ ಮಾಲೀಕರಿಗೋ 25 ಸಾವಿರ ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ವಿಧಿಸುತ್ತದೆ. ಅಪಘಾತವಾದರೆ ಪರಿಹಾರದ ಹೊರೆಯೂ ವಾಹನದ ಮಾಲೀಕನ ತಲೆಗೆ ಬರಬಹುದು.

ಬಾಗಿಲಿಗೆ ಬಂದರೆ

ಸಾಲ ಕೊಟ್ಟವನು ಬಂದಾಗ ಮೊದಲು ಕಾಗದ ತೋರಿಸಲು ಹೇಳಿ. ಅದರಲ್ಲಿ ನಿಮ್ಮ ಸಹಿ ಇದೆಯೇ, ಸಾಲ ಪಡೆದ ದಿನ ಮಗನಿಗೆ 18 ತುಂಬಿತ್ತೇ ನೋಡಿ. ವಯಸ್ಸಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಸಾಕ್ಷಿಯಾಗುತ್ತದೆ. ಗಾಬರಿಯಲ್ಲಿ ‘ನಾನು ತೀರಿಸುತ್ತೇನೆ’ ಎಂದು ಹೊಸ ಪತ್ರ ಬರೆದುಕೊಡಬೇಡಿ. ಅಲ್ಲಿಯವರೆಗೆ ಇಲ್ಲದ ಹೊಣೆಯನ್ನು ಆ ಪತ್ರವೇ ಹುಟ್ಟಿಸೀತು. ಬೆದರಿಸಿದರೆ ಪೊಲೀಸರಿಗೆ ದೂರು ಕೊಡಿ. ಕಿರು ಸಾಲದ ಬಲವಂತದ ವಸೂಲಿ ತಡೆಯಲೆಂದೇ ರಾಜ್ಯ ಸರ್ಕಾರ 2025ರಲ್ಲಿ ಕಾನೂನು ತಂದಿದೆ. ವಕೀಲರಿಗೆ ಹಣ ಹೊಂದಿಸಲಾಗದವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು. ಇಷ್ಟೆಲ್ಲ ತಿಳಿದ ಮೇಲೂ ಅಸಲು ಕೊಟ್ಟು ಕೈತೊಳೆದುಕೊಳ್ಳುತ್ತೇನೆ ಎಂದರೆ ಅದು ನಿಮ್ಮಿಷ್ಟ. ಕೊಡುವುದಾದರೆ ರಸೀದಿ ಪಡೆದು, ಹುಡುಗ ಸಹಿ ಹಾಕಿದ ಕಾಗದ ವಾಪಸ್ ಇಸಿದುಕೊಂಡೇ ಕೊಡಿ.