ಗುಂಡಿನ ವೇಗ ಅಳೆಯುವ ಲೋಲಕ

ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಸಾಗುವ ಬಂದೂಕಿನ ಗುಂಡು ಒಂದು ಮೀಟರ್ ದೂರ ದಾಟಲು ಬೇಕಾಗುವ ಕಾಲ 2.5 ಮಿಲಿಸೆಕೆಂಡ್ ಮಾತ್ರ. 18ನೆಯ ಶತಮಾನದ ಯಾವ ಗಡಿಯಾರವೂ ಇಷ್ಟು ಅಲ್ಪ ಕಾಲವನ್ನು ಅಳೆಯುವಂತಿರಲಿಲ್ಲ. ಆದರೂ ಗುಂಡಿನ ವೇಗವನ್ನು ಆಗಲೇ ಅಳೆಯಲಾಯಿತು. ಅದೂ ಗುಂಡು ಸಾಗಲು ಹಿಡಿಯುವ ಕಾಲವನ್ನು ಅಳೆಯದೆಯೇ!

ಈ ಉಪಾಯ ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್ ಅವರದು. 1742ರಲ್ಲಿ ಪ್ರಕಟವಾದ 'ನ್ಯೂ ಪ್ರಿನ್ಸಿಪಲ್ಸ್ ಆಫ್ ಗನ್ನರಿ' ಎಂಬ ಗ್ರಂಥದಲ್ಲಿ ಅವರು ಇದನ್ನು ವಿವರಿಸಿದರು. ಕಬ್ಬಿಣದ ಲೋಲಕವೊಂದಕ್ಕೆ ದಪ್ಪನೆಯ ಮರದ ಹಲಗೆಯನ್ನು ಬಿಗಿದು ಅದಕ್ಕೆ ಗುಂಡು ಹಾರಿಸುವುದು. ಗುಂಡು ಮರದಲ್ಲಿ ಹುದುಗಿ, ಲೋಲಕ ಹಿಂದಕ್ಕೆ ತೂಗುತ್ತದೆ. ಆಗ ಲೋಲಕ ಎಷ್ಟು ದೂರ ಸರಿಯಿತೆಂಬುದನ್ನು ಅದರ ಜೊತೆಗೆ ಎಳೆದುಕೊಂಡು ಬರುವ ಒಂದು ಪಟ್ಟಿ ತೋರಿಸುತ್ತದೆ.

ಸರಳ ಲೋಲಕವೆಂದು ಭಾವಿಸಿ ಒಂದು ಲೆಕ್ಕ ಮಾಡೋಣ. ಗುಂಡಿನ ದ್ರವ್ಯರಾಶಿ 10 ಗ್ರಾಂ. ಗುಂಡು ಮತ್ತು ಹಲಗೆ ಸೇರಿ 4 ಕಿ.ಗ್ರಾಂ, ಹಲಗೆ ಮೇಲೇರಿದ ಎತ್ತರ 5 ಸೆಂ.ಮೀ. ಎಂದಿಟ್ಟುಕೊಳ್ಳಿ. ಇಷ್ಟು ಎತ್ತರಕ್ಕೆ ಏರಲು ಹಲಗೆಯ ಆರಂಭಿಕ ವೇಗ ಸೆಕೆಂಡಿಗೆ ಸುಮಾರು 0.99 ಮೀಟರ್ ಇರಬೇಕು. ಡಿಕ್ಕಿಯಲ್ಲಿ ಒಟ್ಟು ಸಂವೇಗ ಬದಲಾಗುವುದಿಲ್ಲ. ಹಲಗೆ ಮತ್ತು ಗುಂಡಿನ ಒಟ್ಟು ದ್ರವ್ಯರಾಶಿ ಗುಂಡಿನದರ 400 ಪಟ್ಟು ಇರುವುದರಿಂದ ಗುಂಡಿನ ವೇಗವೂ 0.99ರ 400 ಪಟ್ಟು, ಅಂದರೆ ಸೆಕೆಂಡಿಗೆ 396 ಮೀಟರ್.

ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. 'ಶಕ್ತಿ ನಾಶವಾಗುವುದಿಲ್ಲವಲ್ಲ' ಎಂದುಕೊಂಡು, ಗುಂಡಿನ ಚಲನಶಕ್ತಿ ಪೂರ್ತಿಯಾಗಿ ಹಲಗೆಯನ್ನು ಎತ್ತಿತು ಎಂದು ಲೆಕ್ಕ ಹಾಕಿದರೆ ಬರುವ ಉತ್ತರ ಸೆಕೆಂಡಿಗೆ 19.8 ಮೀಟರ್. ಇದು ಗಂಟೆಗೆ 71 ಕಿ.ಮೀ., ಅಂದರೆ ಹೆದ್ದಾರಿಯಲ್ಲಿ ಓಡುವ ಬಸ್ಸಿನ ವೇಗ! ವಾಸ್ತವವಾಗಿ ಗುಂಡಿನ 784 ಜೂಲ್ ಚಲನಶಕ್ತಿಯಲ್ಲಿ ಹಲಗೆಯನ್ನು ಎತ್ತಿದ್ದು ಸುಮಾರು 2 ಜೂಲ್ ಮಾತ್ರ. ಉಳಿದದ್ದು ಮರವನ್ನು ಸೀಳುವುದರಲ್ಲಿ, ಗುಂಡನ್ನು ಜಜ್ಜುವುದರಲ್ಲಿ ವ್ಯಯವಾಗಿ ಬಹುಪಾಲು ಉಷ್ಣವಾಯಿತು. ಶಕ್ತಿ ನಾಶವಾಗಲಿಲ್ಲ, ರೂಪ ಬದಲಿಸಿತು. ಸಂವೇಗಕ್ಕೆ ಹಾಗೆ ಬೇರೆ ರೂಪ ತಾಳಿ ಮರೆಯಾಗುವ ದಾರಿಯಿಲ್ಲ.

ಲೋಲಕವನ್ನು ಬೇರೆ ಬೇರೆ ದೂರಗಳಲ್ಲಿಟ್ಟು ಅಳೆದಾಗ, ಗಾಳಿಯ ತಡೆ ಆಗಿನವರು ಊಹಿಸಿದ್ದಕ್ಕಿಂತ ಬಹಳ ಹೆಚ್ಚೆಂದು ರಾಬಿನ್ಸ್ ಕಂಡುಕೊಂಡರು. 1745ರಲ್ಲಿ ಆಯ್ಲರ್ ಈ ಗ್ರಂಥವನ್ನು ಜರ್ಮನ್ ಭಾಷೆಗೆ ಅನುವಾದಿಸಿ ವಿಸ್ತಾರವಾದ ಟಿಪ್ಪಣಿ ಬರೆದರು. 1746ರಲ್ಲಿ ರಾಬಿನ್ಸ್ ಅವರಿಗೆ ರಾಯಲ್ ಸೊಸೈಟಿಯ ಕಾಪ್ಲಿ ಪದಕ ಸಂದಿತು. ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರಾಗಿ ಭಾರತಕ್ಕೆ ಬಂದ ಅವರು 1751ರಲ್ಲಿ ಕಡಲೂರಿನ ಸಮೀಪದ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡರು.

ಇಂದು ಈ ಕೆಲಸವನ್ನು ಕ್ರೋನೊಗ್ರಾಫ್ ಮಾಡುತ್ತದೆ. ಅಮೆರಿಕದಲ್ಲಿ ಗುರಿ ಹೊಡೆಯುವ ಹವ್ಯಾಸಿಗಳು ಬಳಸಿದ ಹಿತ್ತಾಳೆಯ ತೋಟಾಗಳಿಗೆ ಮನೆಯಲ್ಲೇ ಮತ್ತೆ ಮದ್ದು ತುಂಬುವುದುಂಟು. ಅವರು ಬಳಸುವ 'ಪ್ರೋಗ್ರೆಸಿವ್ ಪ್ರೆಸ್' ಯಂತ್ರದ ಹಿಡಿಯನ್ನು ಒಮ್ಮೆ ಎಳೆದರೆ ಹಲವು ತೋಟಾಗಳ ಮೇಲೆ ಬೇರೆ ಬೇರೆ ಹಂತದ ಕೆಲಸ ನಡೆದು, ಸಿದ್ಧವಾದ ಒಂದು ತೋಟಾ ಹೊರಬರುತ್ತದೆ. ಮದ್ದನ್ನು ಸಾಮಾನ್ಯವಾಗಿ ತೂಗದೆ ಗಾತ್ರದಿಂದ ಅಳೆಯುವುದರಿಂದ ತೋಟಾದಿಂದ ತೋಟಾಕ್ಕೆ ಅಲ್ಪಸ್ವಲ್ಪ ವ್ಯತ್ಯಾಸ ಸಹಜ. ಅದನ್ನು ಗುಂಡಿನ ವೇಗದ ಏರುಪೇರಿನಿಂದ ಗುರುತಿಸುತ್ತಾರೆ. 60 ಸೆಂ.ಮೀ. ಅಂತರದಲ್ಲಿರುವ ಎರಡು ಬೆಳಕು ಸಂವೇದಕಗಳನ್ನು ಸೆಕೆಂಡಿಗೆ 800 ಮೀಟರ್ ವೇಗದ ಗುಂಡು 0.75 ಮಿಲಿಸೆಕೆಂಡಿನಲ್ಲಿ ದಾಟುತ್ತದೆ. ಎಲೆಕ್ಟ್ರಾನಿಕ್ ಗಡಿಯಾರಕ್ಕೆ ಇದು ಸುಲಭದ ಎಣಿಕೆ. (ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ.)

ತರಗತಿಯ ಪ್ರಯೋಗಕ್ಕೆ ಬಂದೂಕು ಬೇಕಿಲ್ಲ. ಮೇಜಿನ ಮೇಲೆ ಒಂದು ಇಳಿಜಾರು ಹಳಿಯನ್ನು, ಅದರ ತುದಿ ಮೇಜಿನ ಅಂಚಿನಲ್ಲಿ ಸಮತಟ್ಟಾಗಿರುವಂತೆ ಇರಿಸಿ. ತುದಿಯ ಎದುರಿಗೆ, ಒಳಗೆ ಜೇಡಿಮಣ್ಣು ಮೆತ್ತಿದ ಹಗುರ ರಟ್ಟಿನ ಪೆಟ್ಟಿಗೆಯನ್ನು ನಾಲ್ಕು ದಾರಗಳಿಂದ ತೂಗುಹಾಕಿ. ಗೋಲಿಯನ್ನು ಉರುಳಿಸಿ, ಪೆಟ್ಟಿಗೆ ಏರಿದ ಎತ್ತರವನ್ನು ಗುರುತಿಸಿ. ಬಳಿಕ ಪೆಟ್ಟಿಗೆಯನ್ನು ತೆಗೆದು ಗೋಲಿಯನ್ನು ಅದೇ ಜಾಗದಿಂದ ಮತ್ತೆ ಉರುಳಿಸಿ. ಮೇಜಿನ ಎತ್ತರ ಮತ್ತು ಗೋಲಿ ನೆಲಕ್ಕೆ ಬಿದ್ದ ದೂರದಿಂದ ಅದರ ವೇಗ ನೇರವಾಗಿ ಸಿಗುತ್ತದೆ. ಪೆಟ್ಟಿಗೆಯ ಲೆಕ್ಕವನ್ನು ಸಂವೇಗದಿಂದ ಒಮ್ಮೆ, ಶಕ್ತಿಯಿಂದ ಒಮ್ಮೆ ಮಾಡಿಸಿ. ನೇರವಾಗಿ ಸಿಕ್ಕ ವೇಗಕ್ಕೆ ಯಾವ ಉತ್ತರ ಹೊಂದುತ್ತದೆ ಎಂಬುದನ್ನು ವಿದ್ಯಾರ್ಥಿಗಳೇ ಹೇಳಲಿ.